ಕಡಲಿಗೆ ಬಿಟ್ಟ ಲಿಂಗ

ಅಂಬತ್ತೂರು
೧೪ ಜನವರಿ ೨೦೨೪

ಪ್ರೀತಿಯ ಅತ್ತೆಗೆ,

ಇವತ್ತು ಭೋಗಿ. ಬೀದಿಯಲ್ಲಿ ಹಳೆಯ ಚಾಪೆ ಸುಟ್ಟ ಹೊಗೆ, ಕೆಳಗೆ ಅಮ್ಮ ಸಜ್ಜೆ ರೊಟ್ಟಿ ತಟ್ಟುವ ಸಪ್ಪಳ. ನಾನು ಮಹಡಿಯಲ್ಲಿ ಕೂತು ಈ ಪತ್ರವನ್ನು ಮೂರನೇ ಸಲ ಶುರುಮಾಡುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಶಾಲೆಯಲ್ಲಿ ತಮಿಳು, ಬೀದಿಯಲ್ಲಿ ತಮಿಳು ಆಡಿ ಬೆಳೆದ ನನಗೆ ಕನ್ನಡ ಬರೆಯಲು ಕಲಿಸಿದ್ದೇ ನಿಮ್ಮ ಪತ್ರಗಳು. ನೀವು ಈ ಮನೆಗೆ ಬರುವಂತಿರಲಿಲ್ಲ, ನಿಮ್ಮ ಪತ್ರಗಳು ಬರಬಹುದಿತ್ತು. ಈಗಲೂ ಕಷ್ಟದ ವಿಷಯ ಎಂದರೆ ಕೈ ಕಾಗದವನ್ನೇ ಹುಡುಕುತ್ತದೆ.

ನನ್ನ ಕೆಲಸದ ಬಗ್ಗೆ ಅರ್ಧ ಮಾತ್ರ ಹೇಳಿದ್ದೆ. ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ನಮ್ಮ ಆಫೀಸು 'ಒಳದಾರಿ' ಎಂಬ ಆ್ಯಪ್ ನಡೆಸುತ್ತದೆ. ಧ್ಯಾನ, ಉಸಿರಾಟ, ಕಥೆ. ಅಧ್ಯಾತ್ಮ ಬೇಕು, ಮಠ ಬೇಡ ಎನ್ನುವವರು ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳುತ್ತಾರೆ. ಕನ್ನಡದ ಬರವಣಿಗೆ ನನ್ನದು. ನನಗೆ ಮೈಕಿನ ಮುಂದೆ ಮಾತೇ ಹೊರಡದು, ಆದ್ದರಿಂದ ಓದುವುದು ಸಹೋದ್ಯೋಗಿ ನವ್ಯಾ.

ಮೂರು ತಿಂಗಳಿಂದ 'ಎದುರು ನಿಂತವರು' ಎಂಬ ಮಾಲೆ ಬರೆಯುತ್ತಿದ್ದೆ. ಅಪ್ಪನ ಯಜ್ಞದಲ್ಲಿ ಅಪ್ಪನಿಗೇ ಎದುರಾಡಿದ ದಾಕ್ಷಾಯಣಿ. ಕೈಲಾಸವನ್ನೇ ಎತ್ತಲು ಹೋಗಿ, ಶಿವನ ಹೆಬ್ಬೆರಳಿನ ಕೆಳಗೆ ಸಿಕ್ಕಿ, ಅಲ್ಲಿಂದಲೇ ಹಾಡಿದ ರಾವಣ. ಮರಳಿನ ಲಿಂಗಕ್ಕೆ ಸುರಿದ ಹಾಲಿನ ಕೊಡವನ್ನು ಒದ್ದ ತಂದೆಯ ಕಾಲನ್ನೇ ಕಡಿದ ಚಂಡೇಶ. ಇಲ್ಲಿನ ಶಿವನ ಗುಡಿಗಳಲ್ಲಿ ಚಂಡೇಶನ ಮುಂದೆ ಜನ ಕೈ ತಟ್ಟಿ ಅಂಗೈ ತೋರಿಸುತ್ತಾರಲ್ಲ, ದೇವರದೇನನ್ನೂ ಒಯ್ಯುತ್ತಿಲ್ಲ ಎಂದು, ಅದನ್ನೂ ಬರೆದೆ. ತುಂಬ ಜನ ಕೇಳಿದರು. ನಮ್ಮ ಮೇಲಿನವರಾದ ರಘುರಾಮ ಸರ್, ಕೊನೆಯ ಕಂತಿಗೆ ಇವತ್ತಿನವರೊಬ್ಬರು ಬೇಕು ಎಂದರು. ಕೇಳುವವರು ಪುರಾಣದಲ್ಲಿ ತಮ್ಮ ಮುಖ ಹುಡುಕುತ್ತಾರೆ, ಹತ್ತಿರದ ಮುಖ ತೋರಿಸು ಎಂದರು.

ನಾನು ನಿಮ್ಮನ್ನು ಬರೆದೆ ಅತ್ತೆ. ಅಮ್ಮ ಹೇಳಿದಷ್ಟನ್ನು. ೧೯೯೩ರಲ್ಲಿ ನಮ್ಮ ಮನೆಗೆ ಪಾದಪೂಜೆಗೆ ಬಂದ ರುದ್ರಮುನಿ ಸ್ವಾಮಿಗಳನ್ನು ನೀವು ನಿಮ್ಮ ಗೆಳತಿ ಸುಗುಣಾಗೆ ಲಿಂಗದೀಕ್ಷೆ ಕೊಡಿ ಎಂದು ಕೇಳಿದ್ದು. ಅವರು ಅವಳ ಜಾತಿ ಕೇಳಿ ಆಗುವುದಿಲ್ಲ ಎಂದದ್ದು. ಹುಟ್ಟಿದಂದಿನಿಂದ ನಿಮ್ಮ ಕೊರಳಲ್ಲಿದ್ದ ಲಿಂಗವನ್ನು ನೀವು ಮರೀನಾದಲ್ಲಿ ಕಡಲಿಗೆ ಬಿಟ್ಟು ಬಂದದ್ದು. ಲಿಂಗವಿಲ್ಲದವಳು ಭವಿ ಎಂದು ಮುತ್ಯಾ ಅಂದಿನಿಂದ ಸ್ವಂತ ಮಗಳ ಕೈಯ ನೀರು ಮುಟ್ಟದಿರುವುದು. ನಾನು ಅಲೆಗಳನ್ನು ಸೇರಿಸಿದೆ, ಮುಳುಗುವ ಸೂರ್ಯನನ್ನು ಸೇರಿಸಿದೆ, ನಿಮ್ಮ ಕೈಯನ್ನು ಆಕಾಶದ ಕಡೆಗೆ ಎತ್ತಿಸಿದೆ. ಹೆಸರು ಹಾಕಲಿಲ್ಲ, ತ್ರಿಪ್ಲಿಕೇನ್‌ನಲ್ಲಿ ಹಾಸ್ಟೆಲ್ ನೋಡಿಕೊಳ್ಳುವವರು ಎಂದಷ್ಟೇ ಹೇಳಿದೆ. ಆದರೆ ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತೀರಿ ಎಂದು ಗೊತ್ತಿದ್ದರಿಂದಲೇ ಕೇಳಲಿಲ್ಲ.

ಪ್ರಸಾರವಾಗಿ ಹತ್ತು ದಿನವಾಯಿತು. ಕ್ಷಮೆ ಕೇಳಲು ಹತ್ತು ದಿನ ತೆಗೆದುಕೊಂಡೆ.

ನಿಮ್ಮ
ತೇಜಶ್ರೀ

*

ತ್ರಿಪ್ಲಿಕೇನ್
೨೨ ಜನವರಿ ೨೦೨೪

ತೇಜು,

ನಿನ್ನ ಪತ್ರ ಬರುವ ಮೊದಲೇ ಕೇಳಿದ್ದೆ. ಹಾಸ್ಟೆಲಿನ ಹುಡುಗಿಯೊಬ್ಬಳು ಊಟದ ಹೊತ್ತಿನಲ್ಲಿ ಫೋನಿನಲ್ಲಿ ಜೋರಾಗಿ ಹಾಕಿದಳು, ಕನ್ನಡ ಬಾರದವರಿಗೆ ಸಾಲು ಸಾಲಾಗಿ ತಮಿಳಿನಲ್ಲಿ ಹೇಳಿದಳು. ನಾನು ರಸಂ ಬಡಿಸುತ್ತಿದ್ದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಸರು ಹಾಕಲಿಲ್ಲ ಎನ್ನುತ್ತೀ. ತ್ರಿಪ್ಲಿಕೇನ್‌ನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುವ ಕನ್ನಡದ ವಾರ್ಡನ್‌ಗಳು ಎಷ್ಟು ಜನ ಇದ್ದಾರೆಂದುಕೊಂಡೆ?

ಮರೀನಾದಲ್ಲಿ ಸೂರ್ಯ ಕಡಲಿಗೆ ಮುಳುಗುವುದಿಲ್ಲ. ಇಪ್ಪತ್ನಾಲ್ಕು ವರ್ಷ ಈ ಊರಿನಲ್ಲಿ ಬೆಳೆದವಳು ಇಷ್ಟಾದರೂ ನೋಡಬೇಕಿತ್ತು.

ಮೊನ್ನೆ ಗುರುವಾರ ಒಬ್ಬ ಹುಡುಗ ಬಂದಿದ್ದ. ಬೀದರ್ ಕಡೆಯವನು, ಮಣಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಅಂತೆ. ಬಾಗಿಲಲ್ಲೇ ನನ್ನ ಕಾಲಿಗೆ ಬಿದ್ದ. ಅವನ ಪ್ಯಾಂಟಿನ ಅಂಚು ಒದ್ದೆಯಾಗಿತ್ತು, ಮರಳು ಅಂಟಿತ್ತು. ನಿನ್ನ ಕಥೆ ಕೇಳಿ ತನ್ನ ಲಿಂಗವನ್ನೂ ಕಡಲಿಗೆ ಬಿಟ್ಟು ನೇರವಾಗಿ ನನ್ನ ಹತ್ತಿರ ಬಂದಿದ್ದ. ಊರಿನಲ್ಲಿ ತಾಯಿ ಒಬ್ಬಳೇ, ಅವಳಿಗೆ ಹೇಗೆ ಹೇಳಲಿ, ನೀವು ನಿಮ್ಮ ಅಪ್ಪನಿಗೆ ಹೇಗೆ ಹೇಳಿದಿರಿ ಎಂದು ಕೇಳಿದ. ನಾನು ಕಾಫಿ ಕೊಟ್ಟು ಕಳಿಸಿದೆ. ಅವನು ಹೋದ ಮೇಲೆ ಬಾಗಿಲ ಬಳಿ ಉದುರಿದ್ದ ಮರಳನ್ನು ನಾನೇ ಗುಡಿಸಿದೆ, ಗುಡಿಸುವವಳಿಗೆ ಬಿಡಲಾಗಲಿಲ್ಲ.

ಚಂಡೇಶನ ಮುಂದೆ ಅಂಗೈ ತೋರಿಸುವುದನ್ನು ಬರೆದೆಯಲ್ಲ. ಇನ್ನೊಮ್ಮೆ ಗುಡಿಗೆ ಹೋದಾಗ ನಿನ್ನ ಅಂಗೈ ನೋಡಿಕೋ.

ಅದನ್ನು ತೆಗೆಸು. ಯಾಕೆ ಎಂದು ಕೇಳಬೇಡ.

ಜಗದೇವಿ

*

ಅಂಬತ್ತೂರು
೪ ಫೆಬ್ರವರಿ ೨೦೨೪

ಪ್ರೀತಿಯ ಅತ್ತೆಗೆ,

ನಿಮ್ಮ ಪತ್ರವನ್ನು ಆಫೀಸಿನ ಮೆಟ್ಟಿಲ ಮೇಲೆ ಓದಿದೆ. ಆಮೇಲೆ ಕೆಲಸದ ಜಾಗಕ್ಕೆ ಹೋಗಿ ಕೂರುವ ಮೊದಲು ಅಂಗೈಯನ್ನು ನಿಜವಾಗಿಯೂ ನೋಡಿಕೊಂಡೆ.

ರಘುರಾಮ ಸರ್ ತೆಗೆಯಲು ಒಪ್ಪಲಿಲ್ಲ. ಇಡೀ ಮಾಲೆಯಲ್ಲಿ ಅತಿ ಹೆಚ್ಚು ಜನ ಕೇಳಿದ್ದು ಅದನ್ನೇ ಅಂತೆ. ಬಂದ ಸಂದೇಶಗಳನ್ನು ತೋರಿಸಿದರು. ಅಪ್ಪನ ಅಂಗಡಿ ಬಿಟ್ಟೆ, ನಾನೂ ಎದುರು ನಿಂತೆ ಎಂದು ಒಬ್ಬ. ಪರೀಕ್ಷೆಗೆ ಓದದೆ ಫೇಲಾದೆ, ಈ ವ್ಯವಸ್ಥೆಗೆ ನನ್ನ ಪ್ರತಿಭಟನೆ ಅದು ಎಂದು ಇನ್ನೊಬ್ಬಳು. ನಾನು ಬರೆದದ್ದನ್ನು ಜನ ಹೀಗೂ ಕೇಳಿಸಿಕೊಳ್ಳುತ್ತಾರೆಂದು ಯೋಚಿಸಿರಲಿಲ್ಲ.

ಆದರೆ ಈ ಪತ್ರ ಅದಕ್ಕಲ್ಲ. ಮುತ್ಯಾ ಅದನ್ನು ಕೇಳಿದ್ದಾರೆ.

ಡಿಸೆಂಬರಿನಲ್ಲಿ ಬಿದ್ದ ಮೇಲೆ ಅವರು ಮುಂದಿನ ಕೋಣೆಯ ಮಂಚ ಬಿಟ್ಟು ಎದ್ದಿಲ್ಲ ಎಂದು ಬರೆದಿದ್ದೆ. ಹೃದಯ ದಣಿದಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದಿದ್ದಾರೆ ಡಾಕ್ಟರು. ನಮ್ಮ ಜನರ ವಾಟ್ಸ್ಯಾಪ್ ಗುಂಪಿನಲ್ಲಿ ಬಂದದ್ದನ್ನು ಅಪ್ಪ ಯಾರದೋ ಪ್ರವಚನ ಎಂದುಕೊಂಡು ಅವರ ದಿಂಬಿನ ಪಕ್ಕ ಹಾಕಿಬಿಟ್ಟರು. ಅರ್ಧಕ್ಕೆ ಬಂದಾಗ ಅಪ್ಪನಿಗೆ ಇದು ನಮ್ಮ ಮನೆಯದೇ ಎಂದು ತಿಳಿದು ನಿಲ್ಲಿಸಲು ಹೋದರೆ, ಮುತ್ಯಾ ಅವರ ಮಣಿಕಟ್ಟು ಹಿಡಿದರು.

ಮೂರು ಸಲ ಕೇಳಿದರು. ಆಮೇಲೆ ಸೂರು ನೋಡುತ್ತ ಮಲಗಿದರು. ಸಂಜೆ ಅಪ್ಪನನ್ನೂ ನನ್ನನ್ನೂ ಕರೆದು ಹೇಳಿದ್ದನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ:

"ಅವತ್ತ ಸ್ವಾಮಿಗೋಳು ತಪ್ಪು ಮಾಡಿದ್ರು. ಅದು ನನಗ ಅವತ್ತೇ ಗೊತ್ತಾಗಿತ್ತು, ಆದ್ರ ಸುಮ್ಮ ಕುಂತೆ. ಆಕಿ ಒಬ್ಬಾಕಿ ಸುಮ್ಮ ಕೂಡಲಿಲ್ಲ. ಆಕೀಗಿ ಕರೀರಿ. ಶಿವರಾತ್ರಿ ಒಳಗ ಆಕಿ ಕೈಲೆ ನೀರು ಕುಡೀಬೇಕು ನಾ."

ಅಪ್ಪ ಅಳುತ್ತ ಹೊರಗೆ ಹೋದರು. ಮೂವತ್ತೊಂದು ವರ್ಷದ ಮೇಲೆ, ಅತ್ತೆ. ನನ್ನ ತಪ್ಪಿನಿಂದ ಇಷ್ಟಾದರೂ ಒಳ್ಳೆಯದಾಯಿತು ಎಂದು ಬರೆಯಲು ಕೈ ಹೋಗುತ್ತಿದೆ, ತಡೆದುಕೊಳ್ಳುತ್ತಿದ್ದೇನೆ. ಯಾವಾಗ ಬರುತ್ತೀರಿ?

ನಿಮ್ಮ
ತೇಜು

*

ತ್ರಿಪ್ಲಿಕೇನ್
೧೭ ಫೆಬ್ರವರಿ ೨೦೨೪

ತೇಜು,

ನಿಮ್ಮಪ್ಪ ವೀರೇಶ ನಾಲ್ಕು ಸಲ ಫೋನ್ ಮಾಡಿದ. ಹಾಸ್ಟೆಲಿನಲ್ಲಿ ಕೆಲಸ ಇದೆ ಎಂದೆ. ನಿನಗೆ ಮಾತ್ರ ಕಾರಣ ಬರೆಯುತ್ತೇನೆ. ಇದನ್ನು ಓದಿದ ಮೇಲೆ ನನ್ನ ಮೇಲೆ ನಿನಗೆ ಇದ್ದ ಗೌರವ ಇರುವುದಿಲ್ಲ, ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಾನು ಲಿಂಗವನ್ನು ಕಡಲಿಗೆ ಬಿಡಲಿಲ್ಲ. ಕಳೆದುಕೊಂಡೆ.

ಪಾದಪೂಜೆಯ ದಿನ ನಡೆದದ್ದು ನಿಜ. ಸುಗುಣಾ ನನ್ನ ಜೊತೆ ಟೈಪಿಂಗ್ ಕಲಿಯುತ್ತಿದ್ದಳು. ದೀಕ್ಷೆ ಬೇಕೆಂದು ಒಂದು ವರ್ಷದಿಂದ ಮಾಂಸ ಬಿಟ್ಟಿದ್ದಳು, ನನಗಿಂತ ಹೆಚ್ಚು ವಚನ ಬಾಯಿಪಾಠ ಮಾಡಿದ್ದಳು. ನನ್ನ ಸೀರೆಯನ್ನೇ ಉಟ್ಟು ಬಂದಿದ್ದಳು. ಸ್ವಾಮಿಗಳು ಜಾತಿ ಕೇಳಿದರು, ಅವಳು ಹೇಳಿದಳು, ಅವರು ಆಗುವುದಿಲ್ಲ ಎಂದರು. ಅಪ್ಪ, ನಿನ್ನ ಮುತ್ಯಾ, ನೆಲ ನೋಡಿದ. ಸುಗುಣಾ ಎದ್ದು ಹೋದಳು. ನಾನು ಏನು ಮಾಡಿದೆ ಎಂಬುದು ನಿಮ್ಮಮ್ಮನಿಗೆ ಗೊತ್ತಿಲ್ಲ, ಅವಳು ಆಗ ಆ ಮನೆಗೆ ಬಂದಿರಲಿಲ್ಲ. ನಾನು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಂಡೆ. ಹೋಳಿಗೆ ಎರಡನೇ ಸಲ ಹಾಕಿಸಿಕೊಂಡೆ.

ಹತ್ತೊಂಬತ್ತು ದಿನದ ಮೇಲೆ ಟೈಪಿಂಗ್ ಕ್ಲಾಸಿನ ಹುಡುಗಿಯರ ಜೊತೆ ಮರೀನಾಕ್ಕೆ ಹೋದೆ. ಸುಗುಣಾ ಬಂದಿರಲಿಲ್ಲ. ನಮ್ಮಲ್ಲಿ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟುತ್ತಾರೆ, ಸ್ನಾನಕ್ಕೂ ತೆಗೆಯುವುದಿಲ್ಲ. ನನ್ನದು ದೊಡ್ಡ ಕರಡಿಗೆ. ನೀರಿಗಿಳಿದು ಸೀರೆ ಒದ್ದೆಯಾದಾಗ ಎದೆಯ ಮೇಲೆ ಉಬ್ಬಿ ಕಂಡಿತು. ಅಂಬುಜಾ ಎಂಬವಳು, "ಎನ್ನಡಿ ಅದು, ಕಳುತ್ತಿಲ ಟ್ರಾನ್ಸಿಸ್ಟರಾ?" ಎಂದಳು, ಕೊರಳಿಗೆ ರೇಡಿಯೋ ಕಟ್ಟಿಕೊಂಡಿದ್ದೀಯಾ ಎಂದು. ಎಲ್ಲರೂ ನಕ್ಕರು, ನಾನೂ ನಕ್ಕೆ. ದಡಕ್ಕೆ ಬಂದು ಕರಡಿಗೆಯನ್ನು ಬಿಚ್ಚಿದೆ, ಕರವಸ್ತ್ರದಲ್ಲಿ ಸುತ್ತಿದೆ, ನನ್ನ ಚಪ್ಪಲಿಯ ಮುಚ್ಚಿದ ಮೂತಿಯೊಳಗೆ ತುರುಕಿದೆ. ಪರ್ಸನ್ನು ಕದಿಯುತ್ತಾರೆ, ಚಪ್ಪಲಿಯನ್ನು ಯಾರು ಮುಟ್ಟುತ್ತಾರೆ ಎಂದುಕೊಂಡೆ.

ಇನ್ನೊಮ್ಮೆ ಓದು. ಹುಟ್ಟಿದ ಹನ್ನೊಂದನೇ ದಿನ ಕಟ್ಟಿದ್ದನ್ನು, ಎಡ ಅಂಗೈಯಲ್ಲಿಟ್ಟು ದಿನಾ ಪೂಜೆ ಮಾಡುತ್ತಿದ್ದುದನ್ನು, ಸತ್ತರೆ ಜೊತೆಗೇ ಮಣ್ಣಿಗೆ ಹೋಗಬೇಕಾದದ್ದನ್ನು, ನಾನು ಚಪ್ಪಲಿಯೊಳಗೆ ಇಟ್ಟೆ.

ತಿರುಗಿ ಬಂದಾಗ ದೊಡ್ಡ ಅಲೆಯೊಂದು ಬಂದು ಎಲ್ಲರ ಚಪ್ಪಲಿಗಳನ್ನೂ ಚೆಲ್ಲಾಪಿಲ್ಲಿ ಮಾಡಿತ್ತು. ನನ್ನ ಎಡಗಾಲಿನದು ಸಿಕ್ಕಿತು. ಬಲಗಾಲಿನದು ಸಿಗಲಿಲ್ಲ. ಮೊಣಕಾಲೂರಿ ಮರಳು ಬಗೆದೆ. ಅದರಲ್ಲಿ ಏನಿತ್ತೆಂದು ಹೇಳಲಾರದೆ ಅಳತೊಡಗಿದೆ. ಒಂದು ಚಪ್ಪಲಿಗೆ ಇಷ್ಟು ಅಳುವವಳನ್ನು ನೋಡಿ ಅವರಿಗೆ ಇನ್ನೂ ನಗು. ಹೊಸದು ಕೊಡಿಸುತ್ತೇವೆ ಏಳು ಎಂದರು.

ನಮ್ಮ ಅಜ್ಜಿ ಒಂದು ಮಾತು ಹೇಳುತ್ತಿದ್ದಳು, ಲಿಂಗ ಕಳೆದುಕೊಂಡವರು ಮನೆಗೆ ತಿರುಗಿ ಬರುತ್ತಿರಲಿಲ್ಲ ಎಂದು. ನಾನು ಬಂದೆ. ಅಪ್ಪ ಪೇಟೆಯ ಬೇಳೆ ಮಂಡಿಯಿಂದ ಆಗಷ್ಟೇ ಬಂದಿದ್ದ, ನೀರು ಕೊಡಲು ಬಗ್ಗಿದೆ, ಕೊರಳು ಬರಿದಾಗಿರುವುದು ಕಂಡಿತು. ಲಿಂಗ ಎಲ್ಲಿ ಎಂದ. "ಸುಗುಣಾಗ ಇಲ್ಲದ ಲಿಂಗ ನನಗೂ ಬ್ಯಾಡ. ಕಡಲಿಗಿ ಬಿಟ್ಟೆ" ಎಂದೆ. ಎಲ್ಲಿಂದ ಬಂತೋ ಆ ಮಾತು. ಪಂಕ್ತಿಯಿಂದ ಎದ್ದು ಆಡಬೇಕಿದ್ದ ಮಾತನ್ನು ಹತ್ತೊಂಬತ್ತು ದಿನ ತಡವಾಗಿ, ಹೆದರಿಕೆಗೆ ಆಡಿದೆ. ಅಪ್ಪ ನೀರಿನ ತಂಬಿಗೆಯನ್ನು ಕೆಳಗಿಟ್ಟ. ಅವತ್ತು ಇಟ್ಟದ್ದು.

ನಿನ್ನ ಮಾಲೆಯನ್ನು ಪೂರ್ತಿ ಕೇಳಿದೆ. ದಾಕ್ಷಾಯಣಿ ಯಜ್ಞದ ಮುಂದೆಯೇ ನಿಂತು ಮಾತಾಡಿದಳು. ರಾವಣನ ಕೈಯ ಮೇಲೆ ಬೆಟ್ಟದ ಭಾರ ಇತ್ತು. ನನ್ನ ಕೈಯಲ್ಲಿ ಏನೂ ಇರಲಿಲ್ಲ ತೇಜು, ಅದೇ ನನ್ನ ಕಥೆ. ಎದುರು ನಿಂತವರಿಗೆ ಪುರಾಣ ಇದೆ. ಅಜಾಗರೂಕತೆಯಿಂದ ಕಳೆದುಕೊಂಡು ಸುಳ್ಳು ಹೇಳಿದವರಿಗೆ ಒಂದಾದರೂ ಇದೆಯೇ? ನೀನು ಓದಿದವಳು, ಇದ್ದರೆ ಹೇಳು.

ಇವತ್ತಿಗೂ ಬೆಳಿಗ್ಗೆ ಸ್ನಾನವಾದ ಮೇಲೆ ಎಡಗೈ ತಾನಾಗಿ ಮುಂದಕ್ಕೆ ಬರುತ್ತದೆ. ಸ್ವಲ್ಪ ಹೊತ್ತು ಹಾಗೇ ಹಿಡಿದು ಆಮೇಲೆ ಕೆಲಸಕ್ಕೆ ಹೋಗುತ್ತೇನೆ.

ಈಗ ಅಪ್ಪ ನನ್ನನ್ನು ಕರೆಯುತ್ತಿದ್ದಾನೆ, ನಾನು ಮಾಡದೇ ಇದ್ದದ್ದಕ್ಕಾಗಿ. ಹೇಗೆ ಬರಲಿ?

ಜಗದೇವಿ

*

ಅಂಬತ್ತೂರು
೨೦ ಫೆಬ್ರವರಿ ೨೦೨೪

ಅತ್ತೆ,

ನಿಮ್ಮ ಪತ್ರ ಬಂದ ದಿನವೇ ಬರೆಯುತ್ತಿದ್ದೇನೆ. ಹೇಳಬೇಡಿ. ಬನ್ನಿ, ನೀರು ಕೊಡಿ, ಆದರೆ ಹೇಳಬೇಡಿ.

ಮುತ್ಯಾ ಈಗ ಬೇರೆಯೇ ಮನುಷ್ಯ. ಅಮ್ಮನಿಗೆ ಚಾಷ್ಟಿ ಮಾಡಿ ನಗುತ್ತಾರೆ, ನನ್ನ ಮಗಳ ಹಂಗ ನೀ ಒಂದು ದಿನ ಆದ್ರೂ ಎದುರು ಮಾತಾಡೀದಿ ಏನು ಎಂದು. ಬಂದವರಿಗೆಲ್ಲ ನಿಮ್ಮ ವಿಷಯ ಹೇಳುತ್ತಾರೆ. ಇಷ್ಟು ವರ್ಷ ನಿಮ್ಮ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದವರು. ಉಳಿದಿರುವ ದಿನಗಳು ಕಡಿಮೆ. ಅವರಿಂದ ಇದನ್ನು ಕಿತ್ತುಕೊಂಡು ಏನು ಸಿಗುತ್ತದೆ? ಸುಳ್ಳಿನಿಂದ ಬಂದರೂ ಪ್ರೀತಿ ಪ್ರೀತಿಯೇ ಅಲ್ಲವೇ?

ಇಲ್ಲಿಯವರೆಗೆ ಬರೆದು ಓದಿ ನೋಡಿದೆ. ಮುತ್ಯಾರ ಬಗ್ಗೆ ಬರೆದದ್ದೆಲ್ಲ ನಿಜ, ಆದರೆ ಅಷ್ಟೇ ಅಲ್ಲ. ಈ ಕಂತನ್ನು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಮಾಡುತ್ತಿದ್ದಾರೆ. ಮೊದಲ ಸಲ ನನ್ನ ಹೆಸರು ಬರುತ್ತದೆ. ನಾಲ್ಕು ಜನರ ಮುಂದೆ ಬಾಯಿ ತೆರೆಯಲಾರದ ನನ್ನನ್ನು ರಘುರಾಮ ಸರ್ ಮೀಟಿಂಗಿನಲ್ಲಿ ಎಲ್ಲರಿಗೂ ತೋರಿಸಿದರು. ನಿಮ್ಮ ನಿಜ ಹೊರಬಂದರೆ ನನ್ನದೂ ಹೋಗುತ್ತದೆ. ಎದುರು ನಿಂತವರ ಬಗ್ಗೆ ಏಳು ಕಂತು ಬರೆದವಳು ನಿಮಗೆ ಸುಮ್ಮನಿರಿ ಎನ್ನುತ್ತಿದ್ದೇನೆ. ಈ ಸಾಲುಗಳನ್ನು ಹರಿದುಹಾಕಬೇಕೆನಿಸುತ್ತಿದೆ. ಹರಿಯದೆ ಕಳಿಸುತ್ತಿದ್ದೇನೆ.

ನೀವು ಕೇಳಿದ ಪುರಾಣವನ್ನು ಹುಡುಕಿದೆ. ನನಗೆ ಸಿಗಲಿಲ್ಲ.

ತೇಜಶ್ರೀ

*

ತ್ರಿಪ್ಲಿಕೇನ್
೨೮ ಫೆಬ್ರವರಿ ೨೦೨೪

ತೇಜು,

ಸೋಮವಾರ ತಾಂಬರಂಗೆ ಹೋಗಿ ಸುಗುಣಾಳನ್ನು ಕಂಡೆ. ನಾನು ತನಗಾಗಿ ಮನೆ ಬಿಟ್ಟವಳು ಎಂದು ಅವಳು ಮೂವತ್ತೊಂದು ವರ್ಷ ಪ್ರತಿ ದೀಪಾವಳಿಗೂ ಸೀರೆ ಕಳಿಸಿದ್ದಾಳೆ, ನಾನು ಉಟ್ಟಿದ್ದೇನೆ. ಮೊದಲು ಅವಳಿಗೆ ಹೇಳದೆ ಅಪ್ಪನಿಗೆ ಹೇಳುವುದು ಸರಿಯಲ್ಲ ಅನಿಸಿತು.

ಪೂರ್ತಿ ಕೇಳಿದಳು. ಕೋಪಿಸಿಕೊಳ್ಳಲಿಲ್ಲ. "ನೀನು ಕಡಲಿಗೆ ಎಸೆದೆ ಎಂದು ಕೇಳಿದಾಗ ನನಗೆ ಸಂತೋಷ ಆಗಿತ್ತು ನಿಜ. ಆದರೆ ಆ ದಿನ ನಾನು ಬಸ್‌ಸ್ಟಾಪಿನಲ್ಲಿ ಎರಡು ಗಂಟೆ ನಿಂತಿದ್ದೆ ಜಗದೇವಿ, ನೀನು ಹಿಂದೆ ಬರುತ್ತೀ ಎಂದು" ಎಂದಳು. ಆಮೇಲೆ ಊಟ ಹಾಕಿದಳು. ಉಣ್ಣುವುದು ಕಷ್ಟವಾಯಿತು, ಉಂಡೆ.

ನಿನ್ನ ಪತ್ರದ ಹರಿಯದ ಸಾಲುಗಳಿಗಾಗಿ ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಅಷ್ಟನ್ನೂ ಬರೆಯುತ್ತಿರಲಿಲ್ಲ.

ಭಾನುವಾರ ಹತ್ತೂವರೆಗೆ ಬರುತ್ತೇನೆ. ಹೇಳುತ್ತೇನೆ. ಸೆಂಟ್ರಲ್‌ನಿಂದ ಲೋಕಲ್ ಹಿಡಿಯುತ್ತೇನೆ, ಯಾರೂ ಸ್ಟೇಷನ್ನಿಗೆ ಬರುವುದು ಬೇಡ.

ಅತ್ತೆ

*

ತ್ರಿಪ್ಲಿಕೇನ್
೩ ಮಾರ್ಚ್ ೨೦೨೪, ಭಾನುವಾರ ಸಂಜೆ

ತೇಜು,

ನೀನು ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಬಾಗಿಲಿನ ಸಂದಿಯಲ್ಲಿ ನಿನ್ನ ದುಪಟ್ಟಾದ ಅಂಚು ಕಾಣುತ್ತಿತ್ತು. ಎಷ್ಟು ಕೇಳಿಸಿತೋ ಗೊತ್ತಿಲ್ಲ, ಅಪ್ಪನ ದನಿ ಅಷ್ಟು ಇಳಿದಿದೆ. ಆದ್ದರಿಂದ ಬರೆಯುತ್ತೇನೆ.

ಅಪ್ಪ ಇಷ್ಟು ಚಿಕ್ಕವನಾಗಿದ್ದಾನೆಂದು ಯಾರೂ ನನಗೆ ಬರೆದಿರಲಿಲ್ಲ. ದಿಂಬಿನಲ್ಲಿ ಮುಖ ಎಲ್ಲಿದೆ ಎಂದು ಹುಡುಕಬೇಕಾಯಿತು. ನನ್ನನ್ನು ನೋಡಿ ನಕ್ಕ, "ಬಂದೇನ ಝಗಳಗಂಟಿ" ಎಂದ. ನಿಮ್ಮಮ್ಮ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ದೂರ ಸರಿದು ನಿಂತಳು. ವೀರೇಶ ಅವನ ಬೆನ್ನಿಗೆ ಕೈಕೊಟ್ಟು ಎತ್ತಿ ಕೂರಿಸಿದ. ಅಪ್ಪ ಎರಡೂ ಕೈ ಮುಂದೆ ಚಾಚಿದ, ಗುಡಿಯಲ್ಲಿ ತೀರ್ಥಕ್ಕೆ ಚಾಚುವ ಹಾಗೆ. ಆಗ ಒಂದು ಕ್ಷಣ, ಕೊಟ್ಟುಬಿಡೋಣ, ತೇಜು ಹೇಳಿದ್ದೇ ಸರಿ ಅನಿಸಿತು.

ಕುಡಿಯುವ ಮೊದಲು ಒಂದು ಮಾತು ಇದೆ ಎಂದೆ. ಹೇಳಿದೆ. ಪಂಕ್ತಿಯಲ್ಲಿ ಉಂಡದ್ದು, ಟ್ರಾನ್ಸಿಸ್ಟರು, ಕರವಸ್ತ್ರ, ಚಪ್ಪಲಿ, ಎಲ್ಲ. ತಂಬಿಗೆ ಕೈಯಲ್ಲೇ ಇತ್ತು. ನೀರು ಅಲುಗುವುದನ್ನು ನೋಡುತ್ತ ಹೇಳಿದೆ, ಅವನ ಮುಖ ನೋಡಲಾಗಲಿಲ್ಲ.

"ಚಪ್ಪಲ್ಯಾಗ?" ಎಂದ.

ಹೂಂ ಎಂದೆ.

"ಯಾ ಕಾಲಿಂದು?"

ಬಲಗಾಲಿನದು ಎಂದೆ. ಕಣ್ಣು ಮುಚ್ಚಿದ. ನಿದ್ದೆ ಹೋದನೇನೋ ಎಂದು ವೀರೇಶ ಮಲಗಿಸಲು ನೋಡಿದ, ಅಪ್ಪ ಬೇಡ ಎಂದು ತಲೆ ಅಲ್ಲಾಡಿಸಿದ.

"ಮೂವತ್ತೊಂದು ವರ್ಷ ಮನಸ್ಸಿನಾಗ ನಿನ್ನ ಸಂಗಾಟ ಝಗಳಾಡೀನಿ" ಎಂದ. "ಸಿಟ್ಟಿತ್ತು. ನನ್ನ ಹೊಟ್ಯಾಗ ಹುಟ್ಟಿದಾಕಿ ಒಬ್ಬಾಕಿ ಎದುರು ನಿಂತಾಳಂತ ಒಳಗೊಳಗ ಹೆಮ್ಮೀನೂ ಇತ್ತು. ಈಗ ಯಾರ ಸಂಗಾಟ ಝಗಳಾಡಲಿ?"

ಆಮೇಲೆ ಅವನು ಅಂದದ್ದನ್ನು ಬರೆಯಲು ಸಂಜೆಯವರೆಗೆ ಕಾಯಬೇಕಾಯಿತು.

"ಕಳದದ ಅಂತ ಹೇಳಿದ್ರ ನಾನೂ ಬರ್ತಿದ್ನಲ್ಲವ್ವಾ. ಮಂಡಿಯಾಗಿನ ಬ್ಯಾಳಿ ಸಾಣಿಗಿ ತಗೊಂಡು ಬರ್ತಿದ್ದೆ. ಇಬ್ರೂ ಕೂಡಿ ಆ ಉಸುಕೆಲ್ಲ ಸಾಣಿಸ್ತಿದ್ವಿ."

ನಾನು ಅವನಿಗೆ ಎಷ್ಟು ಹೆದರಿದ್ದೆ ತೇಜು. ಬೇಳೆ ಸಾಣಿಸುವ ಜರಡಿ ಹಿಡಿದು ಅಪ್ಪ ನನ್ನ ಪಕ್ಕದಲ್ಲಿ ಮರಳಿನಲ್ಲಿ ಕೂರುತ್ತಿದ್ದ ಎಂಬುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ತಂಬಿಗೆ ಮುಂದೆ ಹಿಡಿದೆ. "ಇವತ್ತ ಬ್ಯಾಡ. ಒಯ್ಯಿ" ಎಂದ. ಗೋಡೆ ಕಡೆ ತಿರುಗಿ ಮಲಗಿದ. ನಾನು ಹೊಸ್ತಿಲು ದಾಟುವಾಗ, ತಿರುಗದೆಯೇ, "ನಾಳಿ ಬಾ" ಎಂದ.

ನಾಳೆ ಹೋಗುತ್ತೇನೆ. ನೀನು ಆಫೀಸಿಗೆ ಹೋಗುವ ಮೊದಲು ಸಿಕ್ಕಿದರೆ ಮುಖ ತಪ್ಪಿಸಬೇಡ.

ಅತ್ತೆ

*

ಅಂಬತ್ತೂರು
೨೪ ಮಾರ್ಚ್ ೨೦೨೪

ಪ್ರೀತಿಯ ಅತ್ತೆಗೆ,

ನೀವು ಕೆಳಗೆ ಮುತ್ಯಾರ ಹತ್ತಿರ ಕೂತಿದ್ದೀರಿ, ನಾನು ಮೇಲೆ ಕೂತು ನಿಮಗೆ ಬರೆಯುತ್ತಿದ್ದೇನೆ. ನಗಬೇಡಿ. ಹೋಗುವ ಮೊದಲು ನಿಮ್ಮ ಚೀಲದಲ್ಲಿ ಇಡುತ್ತೇನೆ. ಮೂರು ವಾರದಿಂದ ನಿಮಗೆ ದಿನಾ ಚಹಾ ಕೊಟ್ಟಿದ್ದೇನೆ, ಮಾತಾಡಲು ಒಂದು ಸಲವೂ ಆಗಿಲ್ಲ.

ಚಹಾದ ಜೊತೆ ಚೀಟಿ ಇಟ್ಟು ನಿಮ್ಮ ಅನುಮತಿ ಕೇಳಿದ್ದೆನಲ್ಲ, ನೀವು ತಲೆಯಾಡಿಸಿದ್ದಿರಿ, ಆ ಹೊಸ ಕಂತು ಬರೆದು ಮುಗಿಸಿದೆ. ನವ್ಯಾಳಿಗೆ ಕೊಡಲಿಲ್ಲ. ನಾನೇ ಮೈಕಿನ ಮುಂದೆ ಕೂತೆ. ನಾಲ್ಕು ನಿಮಿಷ ಇದೆ, ಅದರಲ್ಲಿ ಅರ್ಧ ನಾನು ಎಂಜಲು ನುಂಗುವ ಸದ್ದು. ಆ ಹೆಂಗಸು ಎಸೆಯಲಿಲ್ಲ, ಕಳೆದುಕೊಂಡರು, ನಾನು ಕೇಳದೆ ಬರೆದೆ ಎಂದಷ್ಟು ಹೇಳಿದೆ. ರಘುರಾಮ ಸರ್ ಪೂರ್ತಿ ಕೇಳಿ, ಇದರಿಂದ ಯಾರಿಗಮ್ಮಾ ಧೈರ್ಯ ಬರುತ್ತದೆ, ಜನ ಬಸ್ಸಿನಿಂದ ಇಳಿದು ಮನೆಗೆ ಹೋಗಿಬಿಡುತ್ತಾರೆ ಎಂದರು. ಅವರು ಕೆಟ್ಟವರಲ್ಲ. ಹಳೆಯದನ್ನು ತೆಗೆದರು, ಹೊಸದನ್ನು ಹಾಕಲಿಲ್ಲ. ನನ್ನನ್ನು ಉಸಿರಾಟದ ವಿಭಾಗಕ್ಕೆ ಹಾಕಿದ್ದಾರೆ. ಒಳಗೆ ಎಳೆಯಿರಿ, ನಾಲ್ಕು ಎಣಿಸಿ, ಹೊರಗೆ ಬಿಡಿ ಎಂದು ಬರೆಯುತ್ತೇನೆ.

ಮಣಲಿಯ ಆ ಹುಡುಗನ ನಂಬರನ್ನು ಹಾಸ್ಟೆಲಿನ ರಿಜಿಸ್ಟರಿನಿಂದ ಬರೆದುಕೊಟ್ಟಿರಲ್ಲ, ಫೋನ್ ಮಾಡಿದೆ. ನಾನು ಬರೆದದ್ದು ಸುಳ್ಳು ಎಂದೆ. "ನಾನು ಬಿಟ್ಟದ್ದು ನಿಜ ಅಲ್ಲವಾ ಮೇಡಂ?" ಎಂದರು. ಫೋನ್ ಇಟ್ಟರು. ಇದಕ್ಕೆ ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ. ಶಿವರಾತ್ರಿಯ ಮರುದಿನ ಅವರ ತಾಯಿಗೊಂದು ಪತ್ರ ಬರೆದು ಇಟ್ಟುಕೊಂಡಿದ್ದೇನೆ. ಕಳಿಸಲೇ ಎಂದು ಮೊದಲು ಅವರನ್ನು ಕೇಳುತ್ತೇನೆ.

ಮುತ್ಯಾರ ವಿಷಯ. ನೀವು ದಿನಾ ಬರುತ್ತೀರಿ, ತಂಬಿಗೆ ಹಿಡಿಯುತ್ತೀರಿ, ಅವರು ಇವತ್ತ ಬ್ಯಾಡ ಎನ್ನುತ್ತಾರೆ, ಶಿವರಾತ್ರಿಯ ದಿನವೂ ಅದನ್ನೇ ಅಂದರು. ಆಮೇಲೆ ಆ ದಿನದ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಲೈಟ್‌ಹೌಸಿನಿಂದ ಎಷ್ಟು ದೂರ, ಕರವಸ್ತ್ರ ಯಾವ ಬಣ್ಣದ್ದು, ಎಷ್ಟು ಆಳ ಬಗೆದಿ. ನೀವು ಹೇಳುತ್ತೀರಿ. ನೀವು ಹೋಗುವಾಗ ನಿಮ್ಮ ಮುಖ ನೋಡಲು ನನಗೆ ಆಗುವುದಿಲ್ಲ. ಅವರು ನಿಮ್ಮನ್ನು ಎಂದೂ ಕ್ಷಮಿಸುವುದಿಲ್ಲ, ದಿನಾ ಕರೆಸಿ ಶಿಕ್ಷೆ ಕೊಡುತ್ತಿದ್ದಾರೆ ಎಂದು ನಾನು ಅಮ್ಮನ ಮುಂದೆ ಅಂದುಬಿಟ್ಟಿದ್ದೆ.

ನಿನ್ನೆ ಹಾಸ್ಟೆಲಿನ ಹುಡುಗಿಗೆ ಜ್ವರ ಎಂದು ನೀವು ಬರಲಿಲ್ಲ. ಸಂಜೆ ನಾನು ಫೋನಿನಲ್ಲಿ ನಾಳೆ ತಪ್ಪದೆ ಬನ್ನಿ ಎಂದು ಇಟ್ಟುಬಿಟ್ಟೆ. ಯಾಕೆಂದು ಈಗ ಬರೆಯುತ್ತೇನೆ. ಹತ್ತೂವರೆಗೆ ಮುತ್ಯಾ ಬಾಗಿಲು ನೋಡಿದರು. ಹನ್ನೊಂದಕ್ಕೆ ರೈಲು ತಡವಾಗಿದೆಯಾ ಕೇಳು ಎಂದು ಅಪ್ಪನಿಗೆ ಹೇಳಿದರು. ಮಧ್ಯಾಹ್ನ ಮಾತ್ರೆಗೆ ಅಮ್ಮ ನೀರು ತಂದರೆ ಬಾಯಿ ತೆರೆಯಲಿಲ್ಲ. ಅಪ್ಪ ತಂದರು, ಬೇಡ. ನಾನು ತಂದೆ. ತುಟಿ ಒಣಗಿತ್ತು. ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಆಕಿ ಬರಲಿ" ಎಂದರು.

ಇತಿ
ತೇಜು